ಅರಿಶಿನ ಹಿಡಿದ ಕಳ್ಳ

ಮಕ್ಕಳೇ, ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಕೆಂಪಾಗುವುದನ್ನು ನೋಡಿದ್ದೀರಲ್ಲ? ಇದೇ ಅರಿಶಿನ ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಹಾಲಿನ ಕಳ್ಳರನ್ನು ಹಿಡಿದುಕೊಡುತ್ತಿತ್ತು ಎಂದರೆ ನನ್ನ ಮೊಮ್ಮಗಳು ನಂಬಲೇ ಇಲ್ಲ.

ಆಗ ಮನೆಗಳಲ್ಲಿ ಫ್ರಿಜ್ಜು ಎಲ್ಲಿತ್ತು? ಹಳ್ಳಿಯ ಹಾಲು, ಕೆನೆ ರೈಲು ಹತ್ತಿ ಲಂಡನ್ನಿಗೆ ಬರುವಷ್ಟರಲ್ಲಿ ಹುಳಿಯಾಗುವ ಭಯ. ಅದಕ್ಕೇ ಕೆಲವು ವ್ಯಾಪಾರಿಗಳು ಬಿಳಿಗಾರವನ್ನೋ ಬೋರಿಕ್ ಆಮ್ಲವನ್ನೋ ಬೆರೆಸುತ್ತಿದ್ದರು. ಕೆಲವರು ಫಾರ್ಮಲಿನ್ ಕೂಡ! ಕಾಲೇಜಿನ ಪ್ರಯೋಗಾಲಯದಲ್ಲಿ ಸತ್ತ ಕಪ್ಪೆಯನ್ನು ಜಾಡಿಯಲ್ಲಿ ಕೆಡದಂತೆ ಇಡುತ್ತಾರಲ್ಲ, ಅದೇ ದ್ರವ. ಹುಳಿ ವಾಸನೆ ಎಂದರೆ ಹಾಲು ತಾನೇ ಕೊಡುವ ಎಚ್ಚರಿಕೆ. ಆ ಬಾಯಿಯನ್ನೇ ಕಟ್ಟಿಬಿಟ್ಟರೆ, ಹಾಲನ್ನೇ ನೆಚ್ಚಿಕೊಂಡ ಎಳೆಗೂಸಿನ ಗತಿ?

1902ರಲ್ಲಿ ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹಾರ್ವೆ ವೈಲಿ ಎಂಬ ರಸಾಯನಶಾಸ್ತ್ರಜ್ಞರು 12 ಯುವಕರಿಗೆ, ಅವರ ಒಪ್ಪಿಗೆಯಿಂದಲೇ, ಊಟದ ಜೊತೆ ಬಿಳಿಗಾರ ಕೊಟ್ಟು ನೋಡಿದರು. ಹೊಟ್ಟೆನೋವು, ತಲೆನೋವು, ಊಟ ಸೇರದು. ಈಗ ಯಾರೂ ಇಂಥ ಪ್ರಯೋಗಕ್ಕೆ ಅನುಮತಿ ಕೊಡಲಾರರು, ಬಿಡಿ. ಇತ್ತ ಇಂಗ್ಲೆಂಡಿನಲ್ಲಿ 1912ರ ನಿಯಮ ಹಾಲಿಗೆ ಇಂಥದ್ದನ್ನು ಬೆರೆಸಲೇಬಾರದೆಂದಿತು. ಗಟ್ಟಿ ಕೆನೆಗೆ ಮಾತ್ರ ಚೀಟಿ ಅಂಟಿಸಿ ಬೆರೆಸಬಹುದಿತ್ತು. ಈ ರಿಯಾಯಿತಿ ನನಗಂತೂ ಸರಿಕಾಣದು.

ಪತ್ತೆ ಹೇಗೆ? ಅರಿಶಿನದಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಯನ್ನು, ಆಮ್ಲ ಸೇರಿಸಿದ ಮಾದರಿಯಲ್ಲಿ ಮುಳುಗಿಸಿ ಮತ್ತೆ ಒಣಗಿಸುತ್ತಿದ್ದರು. ಬೋರಿಕ್ ಆಮ್ಲವಿದ್ದರೆ ಪಟ್ಟಿ ಕೆಂಪು.

"ಅಜ್ಜ, ಸುಣ್ಣಕ್ಕೂ ಕೆಂಪಾಗುತ್ತಲ್ಲ! ಯಾವುದು ಯಾವುದೆಂದು ಹೇಗೆ ಗೊತ್ತು?" ಎಂದಳು ಮೊಮ್ಮಗಳು.

ಶಭಾಷ್! ಸುಣ್ಣದ ಕೆಂಪಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಬೋರಿಕ್ ಆಮ್ಲದ ಕೆಂಪು ಆಮ್ಲಕ್ಕೆ ಜಗ್ಗುವುದಿಲ್ಲ. ಅಮೋನಿಯದ ಹನಿ ತಾಗಿದರೆ ಹಸಿರು-ನೀಲಿಗೆ ತಿರುಗುತ್ತದೆ. ಅಲ್ಲಿಗೆ ಕಳ್ಳ ಸಿಕ್ಕಂತೆ.

"ಹಾಗಾದರೆ ನಮ್ಮ ಅಂಗಡಿಯ ಡಬ್ಬಿ ಹಾಲು ತಿಂಗಳುಗಟ್ಟಲೆ ಕೆಡಲ್ಲ. ಅದರಲ್ಲೂ ಬಿಳಿಗಾರವಾ?"

ಇಲ್ಲಮ್ಮ. ಅದನ್ನು ಕೆಲವೇ ಸೆಕೆಂಡು 135 ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿಯಾಡದಂತೆ ತುಂಬುತ್ತಾರೆ. ಕೆಡಿಸುವ ಸೂಕ್ಷ್ಮಜೀವಿಗಳೇ ಉಳಿಯುವುದಿಲ್ಲ. ಡಬ್ಬಿ ಒಡೆದ ಮೇಲೆ ಮಾತ್ರ ಅದಕ್ಕೂ ಫ್ರಿಜ್ಜೇ ಬೇಕು.

ಆಮ್ಲ, ಅಮೋನಿಯದ ಪರೀಕ್ಷೆ ಪ್ರಯೋಗಾಲಯದವರಿಗಿರಲಿ. ನಿಂಬೆಹಣ್ಣಿನದನ್ನು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬಹುದು. ಸುಣ್ಣ ಕಣ್ಣಿಗೆ ತಾಗದಿರಲಿ. ನಾವಿಬ್ಬರೂ ಮಾಡಿದೆವು. ಕಾಗದ ಮತ್ತೆ ಹಳದಿಯಾಯಿತು. ನನ್ನ ಬಿಳಿ ಪಂಚೆಯೂ ಅಷ್ಟೇ.