ರಂಗೋಲಿ ಬಿಡಿಸಿದ್ದು ಸಾಕು, ದೂರು ಸಮಿತಿ ಎಲ್ಲಿದೆ ತೋರಿಸಿ

ಮಾರ್ಚ್ 8 ಹತ್ತಿರ ಬಂದರೆ ಕಾಲೇಜುಗಳ ಮಹಿಳಾ ವೇದಿಕೆಗೆ ಜೀವ ಬರುತ್ತದೆ. ರಂಗೋಲಿ, ಮೆಹಂದಿ, ಬೆಂಕಿಯಿಲ್ಲದ ಅಡುಗೆ, ಸೀರೆ ಉಟ್ಟು ಗ್ರೂಪ್ ಫೋಟೊ. ವರದಿ ಬರೆದು ಫೈಲಿಗೆ ಹಾಕಿದರೆ ವರ್ಷದ ಚಟುವಟಿಕೆ ಮುಗಿಯಿತು.

ಡಿಗ್ರಿಯ ಮೂರು ವರ್ಷವೂ ನಾನು ಇಂಥದ್ದೊಂದು ವೇದಿಕೆಯಲ್ಲಿದ್ದೆ. ನಾನು, ನನ್ನ ಗೆಳತಿ ಸೇರಿ ಹಾಕಿದ ರಂಗೋಲಿಗೆ ಎರಡನೇ ಬಹುಮಾನ ಬಂದಿತ್ತು, ತಲಾ ಒಂದು ಸ್ಟೀಲ್ ಡಬ್ಬಿ. ಮುಂದಿನ ವರ್ಷ ಅವಳು ಕಾಲೇಜಿಗೆ ಬರಲಿಲ್ಲ. ಸೀನಿಯರ್ ಹುಡುಗನೊಬ್ಬ ಕ್ಲಾಸಿನ ಬಾಗಿಲಲ್ಲಿ ದಿನಾ ಅಡ್ಡ ನಿಂತು ಕಾಡುತ್ತಿದ್ದ. ವಿಷಯ ಮನೆಗೆ ಗೊತ್ತಾಯಿತು. ಓದು ಬಿಡಿಸಿ ಮದುವೆ ಮಾಡಿದರು. ಎಲ್ಲಿ ದೂರು ಕೊಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ವೇದಿಕೆಯಲ್ಲಿದ್ದ ನನಗೂ ಗೊತ್ತಿರಲಿಲ್ಲ.

ಯುಜಿಸಿಯ 2015ರ ನಿಯಮದಂತೆ ಪ್ರತಿ ಕಾಲೇಜಿನಲ್ಲೂ ಲೈಂಗಿಕ ಕಿರುಕುಳದ ವಿಚಾರಣೆಗೆ ಆಂತರಿಕ ದೂರು ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಅಧ್ಯಾಪಕಿಯೇ ಮುಖ್ಯಸ್ಥೆ. ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತ ವಿದ್ಯಾರ್ಥಿಗಳೂ ಕೂರಬೇಕು. ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು, 90 ದಿನದೊಳಗೆ ವಿಚಾರಣೆ ಮುಗಿಯಬೇಕು, ಹೆಸರು ಹೊರಗೆ ಬೀಳಬಾರದು. ಇಷ್ಟನ್ನು ಹೇಳಿಕೊಡಲು ಅರ್ಧ ಗಂಟೆ ಸಾಕು. ಮೂರು ವರ್ಷದಲ್ಲಿ ಆ ಅರ್ಧ ಗಂಟೆ ನಮಗೆ ಸಿಗಲಿಲ್ಲ.

ರಂಗೋಲಿ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಅಮ್ಮ ಮನೆಯಲ್ಲೇ ಕಲಿಸಿದ್ದರು. ಮೇಡಂಗಳ ಕಷ್ಟವೂ ಗೊತ್ತು, ಮೇಲಿನವರು ಫೋಟೊ ಕೇಳುತ್ತಾರೆ. ಸರಿ, ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಅದರದ್ದೇ ಫೋಟೊ ಕಳಿಸಿ! 1917ರ ಮಾರ್ಚ್ 8ರಂದು ರಷ್ಯಾದ ಪೆಟ್ರೋಗ್ರಾಡಿನಲ್ಲಿ ಗಿರಣಿ ಹೆಂಗಸರು ಕೆಲಸ ನಿಲ್ಲಿಸಿ ರೊಟ್ಟಿ ಕೇಳಲು ಬೀದಿಗಿಳಿದಿದ್ದರು. ಕೇಳುವವರ ದಿನವನ್ನು ನಾವು ಸುಮ್ಮನೆ ಸಾಲಾಗಿ ನಿಲ್ಲುವವರ ದಿನ ಮಾಡಿದ್ದೇವೆ.

ತಪ್ಪು ಕಾಲೇಜಿನದ್ದು ಮಾತ್ರವಲ್ಲ. ನಮ್ಮ ಆವತಿಯ ಕತೆ ನಿಮಗೆ ಗೊತ್ತಲ್ಲ? ಒಪ್ಪಿಗೆಯಿಲ್ಲದ ಸಂಬಂಧಕ್ಕೆ ಮಗಳು ದೊಡ್ಡಮ್ಮನನ್ನು ಕೊಡಲಾಗದೆ ರಣಭೈರೇಗೌಡರು ಕಂಚಿಯ ಕಡೆಯಿಂದ ಗಾಡಿ ಕಟ್ಟಿಕೊಂಡು ಇತ್ತ ಬಂದರಂತೆ. ಅವರು ಮಗಳಿಗಾಗಿ ಊರನ್ನೇ ಬಿಟ್ಟರು. ನಾವು ಊರವರ ಬಾಯಿಗೆ ಹೆದರಿ ಮಗಳ ಓದು ಬಿಡಿಸುತ್ತೇವೆ.

ಈ ಸಲ ಅಡ್ಮಿಷನ್ನಿಗೆ ಹೋದಾಗ ಫೀಸು ಎಷ್ಟು ಎಂದು ಕೇಳುವ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ದೂರು ಸಮಿತಿಯಲ್ಲಿ ಯಾರ‍್ಯಾರಿದ್ದಾರೆ? ಉತ್ತರ ಸಿಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.