ಹಣೆಪಟ್ಟಿ ಮಾರಿ ಕೈತೊಳೆದುಕೊಳ್ಳಬೇಡಿ

ಎರಡು ಬಗೆಯ ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡರೂ ಇಳಿಯದ ಖಿನ್ನತೆಯನ್ನು ಮನೋವೈದ್ಯರು ‘ಚಿಕಿತ್ಸೆಗೆ ಬಗ್ಗದ ಖಿನ್ನತೆ’ ಎನ್ನುತ್ತಾರೆ. ಅಂಥ ರೋಗಿಯ ಮನೆಯವರು ಏನು ಹೇಳಿದರೂ ಮಾಡಲು ಸಿದ್ಧರಿರುತ್ತಾರೆ. ಅವರ ಕಣ್ಣಿಗೆ ಈಗ ಮನೆಯಲ್ಲೇ ಕಟ್ಟಿಕೊಳ್ಳುವ ಹಣೆಪಟ್ಟಿಯೊಂದು ಬಿದ್ದಿದೆ. ಹಣೆಗೆ ಎರಡು ಒದ್ದೆ ಪ್ಯಾಡು, 2 ಮಿಲಿಆಂಪಿಯರ್ ವಿದ್ಯುತ್, ಅರ್ಧ ಗಂಟೆ. ಇದರ ಹೆಸರು ಟಿಡಿಸಿಎಸ್. ನಮ್ಮ ಜನ ‘ಕರೆಂಟ್ ಕೊಡ್ತಾರೆ’ ಎಂದು ಹೆದರುವುದು ಇದಕ್ಕಲ್ಲ. ಅದು ಇಸಿಟಿ, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಮಾಡುವ ಚಿಕಿತ್ಸೆ.

ಪಟ್ಟಿಯ ಪರ ವಾದಿಸುವವರು 2024ರಲ್ಲಿ ‘ನೇಚರ್ ಮೆಡಿಸಿನ್’ ಪ್ರಕಟಿಸಿದ ಅಧ್ಯಯನವನ್ನು ತೋರಿಸುತ್ತಾರೆ. ಬ್ರಿಟನ್ ಮತ್ತು ಅಮೆರಿಕದ 174 ಮಂದಿ, 10 ವಾರ. ನಿಜವಾದ ವಿದ್ಯುತ್ ಪಡೆದವರಲ್ಲಿ ಸುಮಾರು ಶೇ 45 ಮಂದಿ ಖಿನ್ನತೆಯಿಂದ ಹೊರಬಂದರು. ಹುಸಿ ಪಟ್ಟಿ ಕಟ್ಟಿಕೊಂಡವರಲ್ಲಿ ಸುಮಾರು ಶೇ 22. ಸಣ್ಣ ಅಂತರವಲ್ಲ, ಒಪ್ಪುತ್ತೇನೆ. ಆದರೆ ಔಷಧಿಗೆ ಬಗ್ಗದ ರೋಗಿಗಳನ್ನು ಆ ಅಧ್ಯಯನದಿಂದ ಹೊರಗಿಟ್ಟಿದ್ದರು! ಯಾರ ಮೇಲೆ ಪರೀಕ್ಷಿಸಿಲ್ಲವೋ ಅವರಿಗೇ ಆ ಅಂಕಿ ತೋರಿಸಿ ಆಸೆ ಹುಟ್ಟಿಸುವುದು ಅನ್ಯಾಯ.

ಇನ್ನೊಂದು ಸಂಗತಿಯನ್ನು ಯಾರೂ ಎತ್ತಿ ಹೇಳುವುದಿಲ್ಲ. ಅಲ್ಲಿ ರೋಗಿ ಮನೆಯಲ್ಲಿದ್ದರೂ ಒಂಟಿಯಾಗಿರಲಿಲ್ಲ, ವಿಡಿಯೊ ಕರೆಯಲ್ಲಿ ತಂಡದವರು ವಿಚಾರಿಸಿಕೊಳ್ಳುತ್ತಿದ್ದರು. ಅದೇ ವರ್ಷ ಬ್ರೆಜಿಲ್‌ನಲ್ಲಿ 210 ಮಂದಿ ಯಾರ ಮೇಲ್ವಿಚಾರಣೆಯೂ ಇಲ್ಲದೆ ಮನೆಯಲ್ಲಿ ಟಿಡಿಸಿಎಸ್ ಬಳಸಿದ ಅಧ್ಯಯನವೂ ಬಂತು. ಹುಸಿ ಚಿಕಿತ್ಸೆಗಿಂತ ಅದು ಮೇಲೆನಿಸಲಿಲ್ಲ. ಎರಡು ಅಧ್ಯಯನಗಳ ನಡುವೆ ಬೇರೆ ವ್ಯತ್ಯಾಸಗಳೂ ಇವೆ, ನಿಜ. ಆದರೂ ವಿಚಾರಿಸಿಕೊಳ್ಳುವವರನ್ನು ತೆಗೆದುಹಾಕಿ ಯಂತ್ರವನ್ನಷ್ಟೇ ಮಾರುವ ಧೈರ್ಯ ಎಲ್ಲಿಂದ ಬರಬೇಕು?

ನನ್ನ ಭಯ ಹಣೆಯ ಚರ್ಮ ಕೆಂಪಾಗುವುದರ ಬಗ್ಗೆ ಅಲ್ಲ. ಪಟ್ಟಿಯನ್ನು ನಂಬಿ ಮಾತ್ರೆ ಬಿಟ್ಟವರ ಬಗ್ಗೆ. ‘ಇದೂ ಕೈಕೊಟ್ಟಿತು’ ಎಂದು ರಾತ್ರಿ ಒಬ್ಬರೇ ಕೂತವರ ಬಗ್ಗೆ.

ಹಳ್ಳಿಗಳಲ್ಲಿ ಮನೋವೈದ್ಯರಿಲ್ಲ, ಯಂತ್ರವಾದರೂ ಇರಲಿ ಎನ್ನುವವರಿದ್ದಾರೆ. ಆದರೆ 1980ರ ದಶಕದಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಊರೂರಿಗೆ ಒಯ್ದಿತ್ತು. ಕೊರತೆಗೆ ಅಲ್ಲಿ ಸಿಕ್ಕ ಉತ್ತರ ಮನುಷ್ಯರು. ಪಟ್ಟಿ ಬರುವುದಾದರೆ ವೈದ್ಯರ ಚೀಟಿಯ ಮೇಲೆ, ವಾರವಾರ ವಿಚಾರಿಸುವವರ ಜೊತೆಗೇ ಬರಬೇಕು.

ಎರಡು ಔಷಧಿ ಸೋತಿದ್ದರೆ, ಪಟ್ಟಿಗೆ ದುಡ್ಡು ಕಟ್ಟುವ ಮುನ್ನ ನಿಮ್ಮ ಮನೋವೈದ್ಯರನ್ನು ಇಸಿಟಿ ಬಗ್ಗೆ, ಕಾಂತಶಕ್ತಿಯಿಂದ ಮಿದುಳನ್ನು ಪ್ರಚೋದಿಸುವ ಆರ್‌ಟಿಎಂಎಸ್ ಬಗ್ಗೆ ಕೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಈಗಲೇ ಫೋನ್ ಮಾಡಿ; ಹಗಲಿರಲಿ, ರಾತ್ರಿಯಿರಲಿ, ಕನ್ನಡದಲ್ಲೇ ಮಾತಾಡಬಹುದು.