ಮೇ ತಿಂಗಳ ಸಿಂಧನೂರಿಗೆ ಓವರ್‌ಕ್ಲಾಕ್ ಯಾಕೆ ಬೇಕು?

ಲಿಂಗಸೂಗೂರಿನ ಗೆಳೆಯನೊಬ್ಬ ಮದುವೆ ವಿಡಿಯೋ ಮಾಡ್ತಾನೆ. ಮೊನ್ನೆ ಫೋನು ಮಾಡಿದ್ದ. "ಅಣ್ಣ, ಸೀಜನ್ ಬಂತು. ರೆಂಡರ್ ಆಗೂದು ಬಾಳ ತಡ ಆಗ್ಲಿಕತ್ತದ. ನಮ್ಮ ಸಿಸ್ಟಮ್ ಸ್ವಲ್ಪ ಓವರ್‌ಕ್ಲಾಕ್ ಮಾಡಿಕೊಡ್ರಿ. 1.4 ವೋಲ್ಟ್ ತನಕ ಸೇಫ್ ಅಂತ ಯೂಟ್ಯೂಬ್‌ನ್ಯಾಗ ನೋಡೀನಿ. ಮ್ಯಾಲೆ ನನ್ನ ಹತ್ರ ಸ್ಟೆಬಿಲೈಜರ್ ಬ್ಯಾರೆ ಅದ!"

ನಗು ಬಂತು. ಪಾಪ, ಸ್ಟೆಬಿಲೈಜರ್ ನೋಡಿಕೊಳ್ಳೋದು ಗೋಡೆಯ 230 ವೋಲ್ಟನ್ನು. ಎಸ್‌ಎಂಪಿಎಸ್ ಅದನ್ನು 12 ವೋಲ್ಟ್ ಮಾಡುತ್ತೆ. ಅದನ್ನು ಒಂದು ಚಿಲ್ಲರೆ ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಕೊಡೋದು ಮದರ್‌ಬೋರ್ಡು. ಬಯಾಸ್‌ನಲ್ಲಿ ನಾವೇ ಜಾಸ್ತಿ ಬರೆದರೆ ಯಾವ ಸ್ಟೆಬಿಲೈಜರೂ ತಡೆಯಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹೊಟ್ಟೆಪಾಡಿನ ಕಂಪ್ಯೂಟರನ್ನು ನಮ್ಮ ಕಡೆ ಬೇಸಿಗೆಯಲ್ಲಿ ಓವರ್‌ಕ್ಲಾಕ್ ಮಾಡಬಾರದು. ಮಾಡಬೇಕಾದ್ದು ಅದರ ಉಲ್ಟಾ, ವೋಲ್ಟೇಜ್ ಇಳಿಸೋದು.

ಲೆಕ್ಕ ನೋಡಿ. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತೆ, ವೋಲ್ಟೇಜಿನ ವರ್ಗದ ಜೊತೆ ಏರುತ್ತೆ. ವೇಗ 10% ಏರಿಸಲು ವೋಲ್ಟೇಜನ್ನೂ 10% ಏರಿಸಿದಿರಿ ಅಂದುಕೊಳ್ಳಿ. 1.1 × 1.1 × 1.1, ಅಂದರೆ 33% ಹೆಚ್ಚು ಬಿಸಿ. ಗಂಟೆಯ ರೆಂಡರಿನಲ್ಲಿ ಉಳಿಯೋದು ಐದು ನಿಮಿಷ ಚಿಲ್ಲರೆ.

ಇನ್ನು ನಮ್ಮ ಸೆಕೆ. ಕೂಲರ್ ಅಂದರೆ ಫ್ರಿಜ್ಜಲ್ಲ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ವಿಡಿಯೋ ಮಾಡುವವರು ಎಸಿ ಹಾಕಿದ 24 ಡಿಗ್ರಿ ಕೋಣೆಯಲ್ಲಿ ಕೂತು "80 ಡಿಗ್ರಿ ಬಂತು, ಸೇಫ್" ಅಂತಾರೆ. ರಾಯಚೂರು ಜಿಲ್ಲೆಯಲ್ಲಿ ಮೇ ತಿಂಗಳು ಹೊರಗೆ 40 ದಾಟೋದು ಹೊಸದಲ್ಲ. ಕೋಣೆ 40 ಇದ್ದರೆ ಅದೇ ಚಿಪ್ಪು 96ಕ್ಕೆ ಬಂದು ನಿಲ್ಲುತ್ತೆ. ಗೆಳೆಯನ ರೈಜನ್ 5 5600ಎಕ್ಸ್‌ಗೆ ಎಎಂಡಿ ಇಟ್ಟಿರುವ ಮಿತಿ 95. ಅಲ್ಲಿಗೆ ಮುಟ್ಟಿದರೆ ಚಿಪ್ಪು ತಾನೇ ವೇಗ ತಗ್ಗಿಸಿಕೊಳ್ಳುತ್ತೆ. ಏರಿಸಿ ಗಳಿಸಿದ್ದೆಲ್ಲ ಹೋಯ್ತು!

1.4 ವೋಲ್ಟಿನ ಕಥೆ ಎಲ್ಲಿಂದ ಬಂತು? ಒಂದೇ ಕೋರ್ ಓಡುವಾಗ ಈ ರೈಜನ್‌ಗಳು ತಾವಾಗೇ 1.4 ದಾಟೋದುಂಟು. ಜನ ಅದನ್ನು ನೋಡಿ "ಕಂಪನಿಯೇ ಕೊಡುತ್ತೆ" ಅಂತಾರೆ. ಆದರೆ ಆಗ ಹರಿಯುವ ಕರೆಂಟು ಕಡಿಮೆ. ಆರೂ ಕೋರ್ ದುಡಿಯುವಾಗ ಚಿಪ್ಪು ವೋಲ್ಟೇಜ್ ಇಳಿಸಿಕೊಳ್ಳುತ್ತೆ. ನಾವು 1.4ಕ್ಕೆ ಕಟ್ಟಿಹಾಕಿದರೆ ಆ ಬುದ್ಧಿಗೇ ಬೀಗ ಹಾಕಿದ ಹಾಗೆ. ವೋಲ್ಟೇಜು, ಕರೆಂಟು, ಬಿಸಿ ಮೂರೂ ಸೇರಿದಾಗ ಚಿಪ್ಪಿನೊಳಗಿನ ಸಣ್ಣ ತಂತಿಗಳ ಲೋಹದ ಕಣಗಳೇ ನಿಧಾನಕ್ಕೆ ಸರಿಯುತ್ತವೆ. ಅದು ಇವತ್ತು ಕಾಣಲ್ಲ.

ಹಳಬರಿಗೆ ನೆನಪಿರಬಹುದು. 2002ರ ಹೊತ್ತಿಗೆ ಪೆಂಟಿಯಂ 4 ನಾರ್ತ್‌ವುಡ್‌ಗೆ 1.7 ವೋಲ್ಟ್ ಮತ್ತು ಮೇಲೆ ಕೊಟ್ಟವರ ಚಿಪ್ಪುಗಳು ಕೆಲ ವಾರ, ಕೆಲ ತಿಂಗಳಲ್ಲಿ ಇದ್ದಕ್ಕಿದ್ದಂತೆ ಸತ್ತವು. ಬಿಸಿ ಕಡಿಮೆ ಇದ್ದವೂ ಸತ್ತವು. ಡಿಗ್ರಿ ಸರಿ ಇದ್ದರೆ ವೋಲ್ಟೇಜೂ ಸರಿ ಅಂತಲ್ಲ. 2023ರಲ್ಲಿ ರೈಜನ್ 7000 ಎಕ್ಸ್3ಡಿ ಚಿಪ್ಪುಗಳು ಕೆಲವು ಸುಟ್ಟ ಮೇಲೆ ಎಎಂಡಿ ಅವುಗಳ ಎಸ್‌ಒಸಿ ವೋಲ್ಟೇಜಿಗೆ 1.3ರ ಮಿತಿ ಹಾಕಿತು. 2024ರಲ್ಲಿ ಇಂಟೆಲ್, ತನ್ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳು ಹೆಚ್ಚಿನ ವೋಲ್ಟೇಜಿನಿಂದ ಹಾಳಾಗ್ತಿವೆ ಅಂತ ಒಪ್ಪಿಕೊಂಡು ಮೈಕ್ರೋಕೋಡ್ ಬದಲಿಸಿತು, ವಾರಂಟಿ ಎರಡು ವರ್ಷ ಹೆಚ್ಚಿಸಿತು. ಮಾಡಿದವರೇ ಎಡವಿದಾಗ ಯೂಟ್ಯೂಬಿನ ಒಂದು ಅಂಕಿ ನಂಬಿ ಸೀಜನ್ ಪಣಕ್ಕಿಡೋದೇ? ಅಡ್ವಾನ್ಸ್ ತಗೊಂಡಾಗಿದೆ, ಹಾರ್ಡ್‌ಡಿಸ್ಕಿನಲ್ಲಿ ನಾಲ್ಕು ಮದುವೆ ಕೂತಿವೆ. ಚಿಪ್ಪು ಹೊಸದು ತರಬಹುದು, ಹೇಳಿದ ದಿನಕ್ಕೆ ಕೊಡದಿದ್ದರೆ ಹೋಗುವ ಹೆಸರನ್ನು ತರೋದೆಲ್ಲಿಂದ?

ಭಾನುವಾರ ಸಿಂಧನೂರಿನಿಂದ ಬಸ್ ಹತ್ತಿ ಮಸ್ಕಿ ದಾಟಿ ಹೋದೆ. ಕ್ಯಾಬಿನೆಟ್ ಬಿಚ್ಚಿದರೆ ಕೂಲರ್ ತುಂಬ ಧೂಳು. ಬ್ಲೋವರ್ ಹಿಡಿದೆವು, ಪೇಸ್ಟ್ ಬದಲಿಸಿದೆವು. ವಿದ್ಯುತ್ತಿನ ಮಿತಿ ಸ್ವಲ್ಪ ತಗ್ಗಿಸಿದೆ, ಕರ್ವ್ ಆಪ್ಟಿಮೈಜರ್ ಮೈನಸ್ 10ಕ್ಕೆ ಇಟ್ಟೆ. ಬೋರ್ಡಿನಲ್ಲಿ ವೋಲ್ಟೇಜ್ ಇಳಿಸುವ ಭಾಗವೂ ಕಾಯುತ್ತೆ, ಅಲ್ಲಿಗೂ ಗಾಳಿ ತಾಗುವ ಹಾಗೆ ಒಂದು ಫ್ಯಾನ್ ಹಾಕಿದೆ. ಮಧ್ಯಾಹ್ನದ ಸೆಕೆಯಲ್ಲೇ ಒಂದು ಹಳೇ ಮದುವೆ ರೆಂಡರ್‌ಗೆ ಬಿಟ್ಟೆವು. ಮೊದಲು 90ರ ಮೇಲೆ ಕುಣೀತಿದ್ದದ್ದು 78ಕ್ಕೆ ನಿಂತಿತು. ಸಮಯ? ಹೆಚ್ಚುಕಮ್ಮಿ ಅಷ್ಟೇ. "ಇಷ್ಟ ಏನ್ರೀ?" ಅಂದ. ಇಷ್ಟೇ ಕಣಪ್ಪ.

ಇಳಿಸೋದರಲ್ಲೂ ಅತಿ ಬೇಡ. ಜಾಸ್ತಿ ಇಳಿಸಿದರೆ ರೆಂಡರ್ ನಡುವೆ ಸಿಸ್ಟಮ್ ಹ್ಯಾಂಗ್ ಆಗುತ್ತೆ. ಪರೀಕ್ಷೆ ಮಾಡೋದಾದರೆ ಮೇ ಮಧ್ಯಾಹ್ನವೇ ಮಾಡಿ, ಜನವರಿ ರಾತ್ರಿಯಲ್ಲಿ ಪಾಸಾದದ್ದು ಲೆಕ್ಕಕ್ಕಿಲ್ಲ.

ಓವರ್‌ಕ್ಲಾಕ್ ಹುಚ್ಚಿನವರ ಮೇಲೆ ನನಗೆ ಸಿಟ್ಟಿಲ್ಲ. ಚಳಿಗಾಲ, ಬೇರೆ ಸಿಸ್ಟಮ್, ಹೋದರೆ ಹೋಗಲಿ ಅನ್ನುವ ಚಿಪ್ಪು ಇದ್ದರೆ ಆಡಿ, ಮಜಾ ಇದೆ. ಮಸ್ಕಿಯ ಅಶೋಕನ ಶಾಸನ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಇದೇ ಸೆಕೆ ತಡೆದುಕೊಂಡಿದೆ. ಆದರೆ ಆ ಬಂಡೆಯೊಳಗೆ ಯಾರೂ ಕರೆಂಟು ಹರಿಸಿರಲಿಲ್ಲ ನೋಡಿ :)

ಬಳ್ಳಾರಿ, ಕಲಬುರಗಿ ಕಡೆಯ ಬ್ಲಾಗಿಗರೇ, ನಿಮ್ಮ ಸಿಸ್ಟಮ್ ಮಧ್ಯಾಹ್ನ ಎಷ್ಟು ಡಿಗ್ರಿ ತೋರಿಸುತ್ತೆ? ಕೋಣೆಯ ಡಿಗ್ರಿಯನ್ನೂ ಜೊತೆಗೆ ಬರೆಯಿರಿ. ಅದಿಲ್ಲದೆ ಮೊದಲಿನ ಅಂಕಿಗೆ ಅರ್ಥವಿಲ್ಲ.